ಪುಕ್ಕಮ್ಮ ಮತ್ತು ಕಣ್ಣು ಮುಚ್ಚಿದ ಥರ್ಮೋಸ್ಟಾಟ್

ಅವಳನ್ನು ಪುಕ್ಕಮ್ಮ ಎಂದು ಮೊದಲು ಕರೆದವಳು ಅವಳ ಅಕ್ಕ. ಪುಕ್ಕಲುತನಕ್ಕೆ ಅಮ್ಮನನ್ನು ಸೇರಿಸಿ ಮಾಡಿದ ಹೆಸರು. ಚಿಕ್ಕಂದಿನಲ್ಲಿ ತಮಾಷೆಗೆ ಇಟ್ಟದ್ದು, ಮದುವೆಯಾದರೂ, ಮಗಳು ಹುಟ್ಟಿದರೂ, ತಲೆ ನರೆತರೂ ಬಿಟ್ಟುಹೋಗಲಿಲ್ಲ. ಅವಳೂ ಅದಕ್ಕೆ ಬೇಸರಪಟ್ಟವಳಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಕೋಪ ಯಾಕೆ ಎನ್ನುತ್ತಿದ್ದಳು. ಲಿಫ್ಟ್ ಎಂದರೆ ಭಯ. ಎಷ್ಟು ಮಹಡಿಯಾದರೂ ಮೆಟ್ಟಿಲೇ ಗತಿ. ಕಟ್ಟಿಹಾಕಿದ ನಾಯಿ ಕಂಡರೂ ಭಯ, ಏಕೆಂದರೆ ಹಗ್ಗದ ಮೇಲೆ ಅವಳಿಗೆ ನಂಬಿಕೆಯಿರಲಿಲ್ಲ. ಎಲ್ಲಕ್ಕಿಂತ ದೊಡ್ಡ ಭಯ ಕರೆಂಟಿನದು. ಪ್ಯಾಂಟಿನ ಕಾಲು ಮಡಚಿ ಹೊಲಿಯುತ್ತಾ, ಜಿಪ್ಪು ಬದಲಿಸುತ್ತಾ, ಊದಿಕೊಂಡವರ ಬಟ್ಟೆ ಬಿಚ್ಚಿ ಅಗಲ ಮಾಡುತ್ತಾ ಬದುಕು ಸಾಗಿಸಿದ ಹೆಂಗಸು. ಆದರೂ ಹೊಲಿಗೆ ಯಂತ್ರಕ್ಕೆ ಮೋಟಾರು ಹಾಕಿಸಿಕೊಂಡಿರಲಿಲ್ಲ. ಕಾಲಿನಲ್ಲೇ ತುಳಿದು ತುಳಿದು ಮಂಡಿ ಸವೆಸಿಕೊಂಡಿದ್ದಳು.

ಮಗಳ ಹೆರಿಗೆಗೆಂದು ರೈಲು ಹತ್ತಿ ಈ ಊರಿಗೆ ಬಂದವಳಿಗೆ ಮೊದಲ ದಿನವೇ ಗೋಡೆಯ ಮೇಲಿನ ಥರ್ಮೋಸ್ಟಾಟಿನ ಪರಿಚಯವಾಯಿತು. ನಡುಮನೆಯ ಗೋಡೆಗೆ ಅಂಟಿಕೊಂಡ ಗುಂಡನೆಯ ಕರಿಗಾಜು. ಮನುಷ್ಯರು ಹತ್ತಿರ ಬಂದರೆ ತಾನೇ ಬೆಳಗಿ ಮನೆಯ ಶಾಖ ಎಷ್ಟಿದೆ ಎಂದು ತೋರಿಸುತ್ತದೆ, ಚಳಿಯಾದರೆ ಮೆಟ್ಟಿಲ ಕೆಳಗಿನ ಗ್ಯಾಸ್ ಹೀಟರಿಗೆ ಹೇಳಿ ಮನೆ ಬೆಚ್ಚಗೆ ಮಾಡಿಸುತ್ತದೆ. ಅಳಿಯ ಅದನ್ನು ಫೋನಿನಿಂದಲೂ ಆಡಿಸುತ್ತಿದ್ದ. ಪುಕ್ಕಮ್ಮ ಮಾತ್ರ ಅದರ ಮುಂದೆ ಹಾಯುವಾಗಲೆಲ್ಲ ಆಚೆ ಗೋಡೆಗೆ ಒರಗಿಕೊಂಡೇ ಹೋಗುತ್ತಿದ್ದಳು. ತನ್ನನ್ನು ಕಂಡು ಕಣ್ಣು ಬಿಡುವ ವಸ್ತುವಿನ ಸಹವಾಸ ತನಗೆ ಬೇಡ ಎಂದು ಅಳಿಯನಿಗೆ ಹೇಳಿಯೂ ಇದ್ದಳು. ಅದಲ್ಲದೆ ಮನೆಯಲ್ಲಿದ್ದ ಒಂದೇ ಒಂದು ಪುಟ್ಟ ಕರೆಂಟ್ ಹೀಟರನ್ನು, ಅದರ ಕೆಂಪು ಸರಳುಗಳನ್ನು ನೋಡಿ ಬೆದರಿ, ಬೆಂಕಿ ಹತ್ತುತ್ತದೆ ಎಂದು ಪಟ್ಟುಹಿಡಿದು ಯಾರಿಗೋ ಕೊಡಿಸಿಬಿಟ್ಟಿದ್ದಳು.

ಮಗು ದಿನ ತುಂಬುವ ಮೊದಲೇ ಹುಟ್ಟಿತು. ಅಂಗೈಗಿಂತ ಸ್ವಲ್ಪ ದೊಡ್ಡ ಹೆಣ್ಣು ಕೂಸು. ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಬಹಳ ದಿನ ಇದ್ದು ಕೊನೆಗೂ ಮನೆಗೆ ಬಂತು. ಕಳುಹಿಸುವಾಗ ನರ್ಸು ಒಂದೇ ಮಾತನ್ನು ಬೇರೆ ಬೇರೆ ರೀತಿಯಲ್ಲಿ ಹೇಳಿದಳು: ಇಂಥ ಕೂಸಿಗೆ ತನ್ನ ಮೈಯನ್ನು ತಾನೇ ಬೆಚ್ಚಗಿಟ್ಟುಕೊಳ್ಳಲು ಬರುವುದಿಲ್ಲ, ಕೋಣೆ ತಣ್ಣಗಾಗಲು ಬಿಡಬೇಡಿ. ಮಗು ಮನೆಗೆ ಬಂದ ವಾರದಲ್ಲೇ ಮಗಳಿಗೆ ಜ್ವರ ಏರಿತು. ಅವಳನ್ನು ಮತ್ತೆ ಸೇರಿಸಿಕೊಂಡರು. ಅಳಿಯ ಜೊತೆಗೆ ಹೋದ. ಆ ರಾತ್ರಿ ಬಿದ್ದ ಹಿಮಕ್ಕೆ ಬೀದಿಯ ಕಾರುಗಳೆಲ್ಲ ಬಿಳಿ ದಿಬ್ಬಗಳಾದವು, ಬಸ್ಸು ನಿಂತಿತು. ಮನೆಯಲ್ಲಿ ಉಳಿದವರು ಪುಕ್ಕಮ್ಮ ಮತ್ತು ಕೂಸು.

ಬೆಳಿಗ್ಗೆ ಥರ್ಮೋಸ್ಟಾಟಿನ ಮೂಲೆಯಲ್ಲಿ ಒಂದು ಕೆಂಪು ಚುಕ್ಕೆ ಮಿಟುಕುತ್ತಿದ್ದುದನ್ನು ಅವಳು ಕಂಡಿದ್ದಳು. ಅದರ ಸ್ವಭಾವವೇ ಹಾಗಿರಬೇಕೆಂದು ಸುಮ್ಮನಾದಳು. ಮಧ್ಯಾಹ್ನ ಮಗುವಿಗೆ ಹಾಲು ಕುಡಿಸುವಾಗ ತನ್ನ ಮೂಗಿನ ತುದಿ ತಣ್ಣಗಾಗಿದೆ ಎನ್ನಿಸಿತು. ಮಗುವಿನ ಪಾದ ಮುಟ್ಟಿದಳು. ಹಸಿ ತರಕಾರಿ ಮುಟ್ಟಿದ ಹಾಗಿತ್ತು. ನಡುಮನೆಗೆ ಬಂದು, ಜೀವಮಾನದಲ್ಲಿ ಮೊದಲ ಸಲ, ಥರ್ಮೋಸ್ಟಾಟಿನ ಎದುರು ತಾನಾಗಿಯೇ ಹೋಗಿ ನಿಂತಳು. ಅದು ಕಣ್ಣು ಬಿಡಲಿಲ್ಲ. ಕೈ ಆಡಿಸಿದಳು. ಬೆರಳಿನಿಂದ ತಟ್ಟಿದಳು. ಕರಿಗಾಜಿನಲ್ಲಿ ಅವಳದೇ ಮುಖ ಕಾಣುತ್ತಿತ್ತು, ಅಷ್ಟೇ. ದೀಪ ಹಾಕಿ ನೋಡಿದಳು, ಹತ್ತಿತು. ಮನೆಯಲ್ಲಿ ಕರೆಂಟಿತ್ತು. ಇದಕ್ಕೆ ಮಾತ್ರ ಇರಲಿಲ್ಲ.

ಅಳಿಯನಿಗೆ ಫೋನು ಮಾಡಿದಳು. ಅವನ ಫೋನಿನಲ್ಲಿ ಥರ್ಮೋಸ್ಟಾಟು ಮುಂಜಾನೆಯಿಂದಲೇ ಸಂಪರ್ಕದಲ್ಲಿಲ್ಲ ಎಂದು ಬಂದಿತ್ತಂತೆ. ಹೆಂಡತಿಯ ಜ್ವರದ ಗಾಬರಿಯಲ್ಲಿ ಅವನು ನೋಡಿರಲಿಲ್ಲ. ಮೀಟರ್ ಪೆಟ್ಟಿಗೆಯಲ್ಲಿ ಎಂಸಿಬಿ ಸ್ವಿಚ್ಚು ಬಿದ್ದಿದೆಯೇ ನೋಡಿ ಎಂದ. ಅವಳು ಮರದ ಸೌಟು ಹಿಡಿದು ಮೀಟರ್ ಪೆಟ್ಟಿಗೆಯ ಬಾಗಿಲು ತೆರೆದು ನೋಡಿದಳು. ಎಲ್ಲವೂ ಮೇಲೆಯೇ ಇದ್ದವು. ಹೀಟರಿರುವ ಮೆಟ್ಟಿಲ ಕೆಳಗಿನ ಗೂಡಿನ ಬಾಗಿಲ ಮೇಲೆ ಮೆಕ್ಯಾನಿಕ್ ನಂಬರಿನ ಚೀಟಿ ಅಂಟಿಸಿದೆ, ಅವರಿಗೆ ಮಾಡಿ ಅತ್ತೆ, ನಾನು ನಡೆದಾದರೂ ಬರುತ್ತೇನೆ ಎಂದ. ನಡೆದು ಬರುವ ದೂರವಲ್ಲ ಅದು. ಹೆಂಡತಿಯನ್ನು ಬಿಟ್ಟು ಹಿಮದಲ್ಲಿ ಎಲ್ಲಿಯಾದರೂ ಬಿದ್ದರೆ ಎಂಬ ಇನ್ನೊಂದು ಭಯ ಅವಳಿಗೆ ಸೇರಿಕೊಂಡಿತು. ಬರಬೇಡಿ ಎಂದಳು.

ಫೋನು ಎತ್ತಿದ ಮೆಕ್ಯಾನಿಕ್ ಒಬ್ಬ ಹೆಂಗಸು, ಗಂಟಲು ಕಟ್ಟಿದ ದನಿ. ಊರಿನ ಇನ್ನೊಂದು ತುದಿಯಲ್ಲಿ ಅವಳ ವ್ಯಾನು ಹಿಮದಲ್ಲಿ ಹೂತು ಕೂತಿತ್ತು. ನಾಳೆಗೆ ಮೊದಲು ಬರಲು ಸಾಧ್ಯವೇ ಇಲ್ಲ ಎಂದಳು. ಪುಕ್ಕಮ್ಮ ಕೂಸಿನ ವಿಷಯ ಹೇಳಿದಳು.

"ಅಮ್ಮಾ, ಮೊದಲು ಮಗೂನ ನಿಮ್ಮ ಮೈಗೆ ಒತ್ತಿ ಕಟ್ಟಿಕೊಳ್ಳಿ. ಆಮೇಲೆ ನಾನು ಹೇಳಿದ ಹಾಗೆ ಮಾಡಿ. ಮಾಡ್ತೀರಲ್ವಾ?"

"ನಂಗೆ ಕರೆಂಟ್ ಅಂದ್ರೆ ಭಯ ಕಣಮ್ಮ" ಎಂದಳು ಪುಕ್ಕಮ್ಮ.

"ಭಯ ಇರ್ಲಿ. ಭಯ ಇದ್ದೋರು ನೋಡ್ಕೊಂಡು ಮುಟ್ತಾರೆ."

ಅವಳು ಕೂಸನ್ನು ರವಿಕೆಯೊಳಗೆ ಎದೆಗೆ ಒತ್ತಿ, ಮೇಲೆ ಶಾಲು ಬಿಗಿದು ಗಂಟು ಹಾಕಿದಳು. ಪುಟ್ಟ ಪಾದ ಹೊಟ್ಟೆಗೆ ತಗಲಿದಾಗ ಮೈ ಜುಮ್ಮೆಂದಿತು, ಅಷ್ಟು ತಣ್ಣಗಿತ್ತು. ಮೆಕ್ಯಾನಿಕ್ ಹೇಳಿದಂತೆ ಹೀಟರಿನ ಎಂಸಿಬಿಯನ್ನು ಸೌಟಿನಿಂದಲೇ ಕೆಳಗೆ ತಳ್ಳಿದಳು. ಥರ್ಮೋಸ್ಟಾಟನ್ನು ಹಿಡಿದು ಎಳೆದಳು. ಮುಚ್ಚಳ ಬಂದ ಹಾಗೆ ಅದು ಸುಲಭವಾಗಿ ಕೈಗೆ ಬಂದಾಗ, ಮುರಿದುಬಿಟ್ಟೆ ಎಂದು ಅಳುವಂತಾಯಿತು. ಮುರಿದಿರಲಿಲ್ಲ. ಗೋಡೆಯಲ್ಲಿ ಸಣ್ಣ ಸಣ್ಣ ಬಣ್ಣದ ತಂತಿಗಳು ಕೂತಿದ್ದವು. ಒಂದೊಂದನ್ನೂ ಮೆಲ್ಲಗೆ ಎಳೆದು ನೋಡಿ ಎಂದಾಗ ಕಣ್ಣು ಮುಚ್ಚಿಕೊಂಡು ಎಳೆದಳು, ಯಾವುದೂ ಸಡಿಲವಾಗಿರಲಿಲ್ಲ. ಥರ್ಮೋಸ್ಟಾಟಿನ ಬೆನ್ನಿನಲ್ಲಿ ಫೋನಿನ ಚಾರ್ಜರು ಹಿಡಿಯುವ ತೂತಿತ್ತು. ಚುಚ್ಚಿ ಇಟ್ಟು ಕಾಯಿರಿ ಎಂದು ಮೆಕ್ಯಾನಿಕ್ ಫೋನಿಟ್ಟಳು.

ಆ ಕಾಯುವಿಕೆಯಲ್ಲಿ ಅಡಿಗೆಮನೆಯ ಬಾಗಿಲನ್ನು ಯಾರೋ ಬಡಿದರು. ಪಕ್ಕದ ಮನೆಯ ಡ್ರೈವರಣ್ಣ. ನಿವೃತ್ತನಾಗುವವರೆಗೆ ಊರಿನ ಬಸ್ಸು ಓಡಿಸಿದ ಒಂಟಿ ಮನುಷ್ಯ, ದೊಡ್ಡ ಮೈ, ದೊಡ್ಡ ಗಂಟಲು. ಸಾಲುಮನೆಗಳ ಒಂದೇ ಗೋಡೆಯ ಆಚೆ ಅವನ ರೇಡಿಯೋ ದಿನವಿಡೀ ಕೂಗುತ್ತಿತ್ತು. ಅವನ ಮನೆಯಲ್ಲೂ ಹೀಟರು ಸತ್ತಿದೆಯಂತೆ, ಥರ್ಮೋಸ್ಟಾಟು ಕಪ್ಪಾಗಿದೆಯಂತೆ. ಆದರೆ ಅವನ ಕೈಯಲ್ಲೊಂದು ಉಪಾಯವಿತ್ತು: ಅಂಗಳದಲ್ಲಿ ಮಾಂಸ ಸುಡುವ ಕಬ್ಬಿಣದ ಇದ್ದಿಲ ಒಲೆ. ಕೆಂಡ ನಿಗಿನಿಗಿ ಎನ್ನುತ್ತಿತ್ತು. ನಡುಮನೆಯಲ್ಲಿಟ್ಟು ಬಾಗಿಲು ಕಿಟಕಿ ಭದ್ರ ಮಾಡಿದರೆ ಅರ್ಧ ಗಂಟೆಯಲ್ಲಿ ಬೆವರುತ್ತೀರಿ ಎಂದು ಒಳಗೆ ಕಾಲಿಟ್ಟ.

ಹೊಸಿಲಿನಲ್ಲೇ ಅವಳು ಅಡ್ಡ ನಿಂತಳು. ಕಾರಣ ಕೇಳಿದರೆ ಸರಿಯಾಗಿ ಹೇಳಲು ಅವಳಿಗೆ ಬರುತ್ತಿರಲಿಲ್ಲ. ಬೆಂಕಿ, ಮುಚ್ಚಿದ ಕೋಣೆ, ಕೂಸು. ಈ ಮೂರನ್ನು ಒಟ್ಟಿಗೆ ನೆನೆದರೇ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಇದ್ದಿಲಿನ ಗಾಳಿ ಕುಡಿದು ಜನ ನಿದ್ದೆಯಲ್ಲೇ ಹೋಗುತ್ತಾರೆಂದು ಎಲ್ಲೋ ಕೇಳಿದ್ದಳು. ಹಾಗೆಂದಳು. ಡ್ರೈವರಣ್ಣ ನಕ್ಕುಬಿಟ್ಟ. ಹೊಗೆಯೇ ಇಲ್ಲವಲ್ಲ, ನೋಡಿ ಎಂದ. ಎಷ್ಟೋ ಚಳಿಗಾಲ ಡಿಪೋದಲ್ಲಿ ಇದರ ಮುಂದೆಯೇ ಕಳೆದಿದ್ದೇವೆ ಎಂದ.

"ಬೇಡ ಅಣ್ಣ. ನೀವೂ ಒಳಗೆ ಇಟ್ಕೋಬೇಡಿ. ನನ್ನ ಮಾತು ಕೇಳಿ."

"ಹೆದರೋರ ಮಾತು ಕೇಳಿದ್ರೆ ನಾನು ಬಸ್ಸನ್ನ ಡಿಪೋದಿಂದ ಹೊರಗೇ ತೆಗೀತಿರಲಿಲ್ಲಮ್ಮ" ಎಂದು ಅವನು ಮುಖ ಗಂಟಿಕ್ಕಿಕೊಂಡು ಒಲೆಯ ಸಮೇತ ಹೊರಟುಹೋದ.

ಬಾಗಿಲು ಹಾಕಿದ ಮೇಲೆ ಅವಳಿಗೆ ಅಳು ಬಂತು. ಮನೆಗೆ ಬಂದ ಶಾಖವನ್ನು ಕೈಯಾರೆ ಹೊರಗೆ ಕಳಿಸಿಬಿಟ್ಟೆನಲ್ಲ. ಕೂಸಿಗೆ ಏನಾದರೂ ಆದರೆ ಮಗಳಿಗೆ ಏನೆಂದು ಹೇಳಲಿ? ಭಯವಾಯಿತು, ಅದಕ್ಕೇ ಬೇಡವೆಂದೆ ಎನ್ನಲೇ?

ಅಷ್ಟರಲ್ಲಿ ಥರ್ಮೋಸ್ಟಾಟು ಟಿಣ್ ಎಂದಿತು. ಅವಳು ಹೌಹಾರಿ ಎರಡು ಹೆಜ್ಜೆ ಹಿಂದೆ ಹೋದಳು. ಗಾಜು ಬೆಳಗಿತ್ತು. ಮೆಕ್ಯಾನಿಕ್ ಹೇಳಿದಂತೆ ಗೋಡೆಗೆ ಮತ್ತೆ ಕೂರಿಸಿ ಎಂಸಿಬಿ ಮೇಲೆತ್ತಿದಾಗ ಅದು, ಹೀಟರಿನಿಂದ ನನಗೆ ಕರೆಂಟ್ ಬರುತ್ತಿಲ್ಲ ಎಂಬರ್ಥದ ಮಾತು ತೋರಿಸಿತು. ಮತ್ತೆ ಫೋನು ಮಾಡಿ ಓದಿ ಹೇಳಿದಳು. ಮೆಕ್ಯಾನಿಕ್‌ಗೆ ಅದು ಒಳ್ಳೆಯ ಸುದ್ದಿಯಾಗಿತ್ತು. ಥರ್ಮೋಸ್ಟಾಟು ಕೆಟ್ಟಿಲ್ಲ, ಅದಕ್ಕೆ ಊಟ ಹಾಕುವುದು ಹೀಟರು, ಹೀಟರೇ ಊಟ ನಿಲ್ಲಿಸಿದೆ, ಏಕೆ ಎಂದು ನೋಡಬೇಕು ಎಂದಳು. ಮತ್ತೆ ಎಂಸಿಬಿ ಕೆಳಗೆ ಮಾಡಿಸಿದಳು.

ಮೆಟ್ಟಿಲ ಕೆಳಗಿನ ಗೂಡು ಪುಕ್ಕಮ್ಮ ಒಮ್ಮೆಯೂ ಬಾಗಿಲು ತೆರೆಯದ ಜಾಗ. ಟಾರ್ಚು ಬಾಯಲ್ಲಿ ಕಚ್ಚಿ, ಕೂಸಿನ ತಲೆಗೆ ಒಂದು ಕೈ ಅಡ್ಡ ಹಿಡಿದು, ಮಂಡಿಯೂರಿ ಒಳಗೆ ಹೋದಳು. ಮಂಡಿ ಛಳುಕ್ಕೆಂದಿತು. ಹೀಟರಿನ ಕೆಳಗಿನ ತಗಡಿನ ಬಾಗಿಲು ಮೇಲೆತ್ತಿ ಎಳೆದರೆ ಬರುತ್ತದೆ ಎಂದಿದ್ದಳು ಮೆಕ್ಯಾನಿಕ್. ಬಂತು. ಒಳಗೆ ತಂತಿಗಳ ಗೋಜಲು ಕಂಡು ಕೈ ಹಿಂದೆಗೆದಳು. ಯಾವುದನ್ನೂ ಮುಟ್ಟಬೇಡಿ, ಅಡಿಯಲ್ಲಿ ಒಂದು ತಟ್ಟೆ ಇದೆ, ಅದರಲ್ಲಿ ನೀರಿದೆಯೇ ಹೇಳಿ ಎಂದಿತು ಫೋನು. ತಟ್ಟೆ ಅಂಚಿನವರೆಗೆ ತುಂಬಿತ್ತು. ನೀರಿನ ಮೇಲೆ ಬಿಳಿಯ ಬೆಂಡಿನಂಥದೊಂದು ತೇಲುತ್ತಿತ್ತು.

ಮೆಕ್ಯಾನಿಕ್ ಉಸಿರುಬಿಟ್ಟದ್ದು ಫೋನಿನಲ್ಲಿ ಕೇಳಿತು. ಹೀಟರು ಉರಿಯುವಾಗ ಸ್ವಲ್ಪ ಸ್ವಲ್ಪ ನೀರು ಬಿಡುತ್ತದೆ, ಅದು ಒಂದು ಪೈಪಿನಲ್ಲಿ ಹಿಂಬದಿ ಗೋಡೆಯಿಂದ ಹೊರಗೆ ಹೋಗುತ್ತದೆ, ಪೈಪಿನ ಬಾಯಿ ಹೆಪ್ಪುಗಟ್ಟಿರಬೇಕು. ನೀರು ವಾಪಸು ಬಂದು ತಟ್ಟೆ ತುಂಬಿದೆ, ಬೆಂಡು ಮೇಲೆದ್ದು ಕರೆಂಟು ಕಡಿದಿದೆ. ಬೇಕೆಂದೇ ಹಾಗೆ ಮಾಡಿರುವುದು, ಇಲ್ಲವಾದರೆ ನೀರು ತಂತಿಗೆ ಇಳಿಯುತ್ತದೆ ಎಂದಳು. ಈಗ ಮಾಡಬೇಕಾದ್ದು ಇಷ್ಟೇ: ಹೊರಗೆ ಹೋಗಿ ಪೈಪಿಗೆ ಬಿಸಿನೀರು. ಕುದಿಯುವುದು ಬೇಡ, ಪೈಪು ಸೀಳುತ್ತದೆ. ಕೈ ತಾಳುವಷ್ಟು ಸಾಕು.

ಕೂಸನ್ನು ಹೊರಗೆ ಒಯ್ಯುವಂತಿಲ್ಲ. ಬಾಟಲಿಗಳಿಗೆ ಬಿಸಿನೀರು ತುಂಬಿ, ಟವೆಲು ಸುತ್ತಿ, ತೊಟ್ಟಿಲಿನಲ್ಲಿ ಸುತ್ತ ಜೋಡಿಸಿ, ನಡುವೆ ಮಗುವನ್ನು ಮಲಗಿಸಿದಳು. ಪಾತ್ರೆ ಹಿಡಿದು ಹಿಂಬಾಗಿಲಿಂದ ಇಳಿದರೆ ಹಿಮ ಮೊಣಕಾಲಿನವರೆಗೆ. ಗೋಡೆ ತಡವುತ್ತಾ ಹೋಗಿ ಹೆಬ್ಬೆರಳು ಗಾತ್ರದ ಬಿಳಿ ಪೈಪು ಹುಡುಕಿದಳು. ಬಾಯಿಗೆ ಗಾಜಿನ ಗೂಟ ಬಡಿದ ಹಾಗೆ ಮಂಜುಗಡ್ಡೆ ಕೂತಿತ್ತು. ಸುರಿದಳು, ಒಳಗೆ ಓಡಿ ಮಗುವಿನ ಉಸಿರು ನೋಡಿದಳು, ಮತ್ತೆ ನೀರು ಕಾಯಿಸಿದಳು, ಮತ್ತೆ ಸುರಿದಳು. ಬೆರಳು ತನ್ನವಲ್ಲ ಎನ್ನುವಷ್ಟು ಮರಗಟ್ಟಿದವು. ಎಷ್ಟೋ ಸಲ ಓಡಾಡಿದ ಮೇಲೆ ಗೂಟ ಟಕ್ಕೆಂದು ಕಳಚಿ ಬಿತ್ತು. ಅದರ ಹಿಂದೆಯೇ ಕಟ್ಟಿಕೊಂಡಿದ್ದ ನೀರು ಗಳಗಳನೆ ಅವಳ ಚಪ್ಪಲಿಯ ಮೇಲೆ ಸುರಿಯಿತು.

ಒಳಗೆ ತಟ್ಟೆ ಬರಿದಾಗಿ ಬೆಂಡು ಕೆಳಗೆ ಕೂತಿತ್ತು. ಉಳಿದ ತೇವವನ್ನು ಬಟ್ಟೆಯಿಂದ ಒರೆಸಿ, ತಗಡಿನ ಬಾಗಿಲು ಸಿಕ್ಕಿಸಿ, ಎಂಸಿಬಿ ಮೇಲೆತ್ತಿದಳು. ಮೆಟ್ಟಿಲ ಕೆಳಗೆ ಏನೋ ಗುಂಯ್ ಎಂದು ಎದ್ದಿತು. ಹಿಂದೆಯೇ ಭುಸ್ ಎಂದು ಉರಿ ಹತ್ತಿದ ಸದ್ದು, ಸುಟ್ಟ ಧೂಳಿನ ವಾಸನೆ. ಅವಳು ಮಗುವನ್ನು ಎತ್ತಿಕೊಂಡು ಹೊರಬಾಗಿಲವರೆಗೆ ಓಡಿಯೇ ಬಿಟ್ಟಿದ್ದಳು. ವಾಸನೆ ನಿಂತಿತು. ಗೋಡೆಯ ಕೆಳಗಿನ ಜಾಲರಿಯಿಂದ ಬೆಚ್ಚನೆ ಗಾಳಿ ಬಂದು ಒದ್ದೆ ಕಾಲಿಗೆ ತಾಕಿತು. ಅಲ್ಲೇ ನೆಲದ ಮೇಲೆ ಕುಸಿದು ಕೂತಳು.

ಮಗಳಿಗೂ ಅಳಿಯನಿಗೂ ಸುದ್ದಿ ಹೇಳಿದ್ದಾಯಿತು. ಮಗುವಿನ ಪಾದ ಮೆಲ್ಲಗೆ ಬಣ್ಣಕ್ಕೆ ತಿರುಗಿತು. ಹಾಲು ಕುಡಿದು ಮಲಗಿತು. ಆಗ ಅವಳಿಗೆ ಗೋಡೆಯಾಚೆಯ ರೇಡಿಯೋ ಕೇಳಿಸಿತು. ಡ್ರೈವರಣ್ಣನ ಮನೆಗೂ ಇಂಥದೇ ಪೈಪು, ಅವನಿಗೂ ಹೇಳೋಣ ಎಂದು ಫೋನು ಮಾಡಿದಳು. ಗೋಡೆಯಾಚೆ ಫೋನು ಬಡಿದುಕೊಳ್ಳುವುದು ಕೇಳುತ್ತಿತ್ತು, ಎತ್ತಲಿಲ್ಲ. ಮತ್ತೆ ಮಾಡಿದಳು. ಕೋಪವಿರಬೇಕು ಎಂದುಕೊಂಡಳು. ಗೋಡೆಗೆ ಮುಷ್ಟಿಯಿಂದ ಗುದ್ದಿದಳು. ರೇಡಿಯೋದಲ್ಲಿ ಯಾರೋ ಹವಾಮಾನ ಹೇಳುತ್ತಲೇ ಇದ್ದರು. ಸಣ್ಣ ಸದ್ದಾದರೂ ಜಗಳಕ್ಕೆ ಬರುವ ಮನುಷ್ಯ ಸುಮ್ಮನಿದ್ದಾನೆ.

ಅವಳಿಗೆ ಕೆಂಡ ಕಣ್ಣಿಗೆ ಕಟ್ಟಿತು.

ಆಂಬುಲೆನ್ಸಿಗೆ ಫೋನು ಮಾಡಿದರೆ, ಹಿಮ ತೆಗೆಯುವ ಗಾಡಿಯ ಹಿಂದೆಯೇ ಬರಬೇಕು, ತಡವಾಗುತ್ತದೆ, ಒಳಗೆ ಹೋಗುವುದಾದರೆ ಬಾಗಿಲು ಕಿಟಕಿ ತೆರೆದು ಗಾಳಿ ಬಿಡಿ, ಅಲ್ಲಿ ನಿಲ್ಲಬೇಡಿ ಎಂದರು. ಮಗುವನ್ನು ಆ ಗಾಳಿಗೆ ಒಯ್ಯುವಂತಿಲ್ಲ. ಬಿಟ್ಟು ಹೋದರೆ, ತಾನು ಅಲ್ಲೇ ಬಿದ್ದುಬಿಟ್ಟರೆ, ಇಲ್ಲಿ ಇದೊಂದೇ. ಆ ದಿನದ ಎಲ್ಲ ಭಯಗಳನ್ನೂ ಒಟ್ಟು ಹಾಕಿದರೂ ಆ ಒಂದು ಗಳಿಗೆಯ ಭಯಕ್ಕೆ ಸಾಟಿಯಲ್ಲ ಎಂದು ಅವಳು ಆಮೇಲೆ ಅಕ್ಕನಿಗೆ ಹೇಳಿದ್ದುಂಟು. ಅಳಿಯನಿಗೆ ಫೋನು ಹಚ್ಚಿ ತೊಟ್ಟಿಲ ಪಕ್ಕ ಇಟ್ಟಳು. ತಾನು ಬರದಿದ್ದರೆ ಬೀದಿಯವರನ್ನು ಹೇಗಾದರೂ ಕೂಗಿಸಬೇಕೆಂದು ಹೇಳಿ, ಅವನ ಉತ್ತರಕ್ಕೆ ಕಾಯದೆ ಕೋಟು ತೊಟ್ಟು ಹೊರಟಳು.

ಕತ್ತಲಾಗುತ್ತಿತ್ತು. ಡ್ರೈವರಣ್ಣನ ಅಡಿಗೆಮನೆ ಬಾಗಿಲಿಗೆ ಬೀಗವಿರಲಿಲ್ಲ, ಸಂದಿಗೆ ಬಟ್ಟೆ ತುರುಕಿತ್ತು. ಭುಜ ಕೊಟ್ಟು ತಳ್ಳಿದಳು. ಒಳಗೆ ಹೊಗೆಯಿಲ್ಲ, ವಾಸನೆಯಿಲ್ಲ, ಹಿತವಾದ ಬಿಸಿ. ಅದೇ ಅವಳನ್ನು ಹೆಚ್ಚು ಬೆದರಿಸಿತು. ನಡುಮನೆಯಲ್ಲಿ ಒಲೆ ಕೆಂಪಗೆ ಕೂತಿತ್ತು. ಅದರ ಪಕ್ಕ ಜಮಖಾನದ ಮೇಲೆ ಅವನು ಒರಗಿ ಬಿದ್ದಿದ್ದ, ಬಾಯಿ ತೆರೆದಿತ್ತು. ಅವಳು ಸೆರಗಿನಿಂದ ಮೂಗು ಮುಚ್ಚಿ ಉಸಿರು ಬಿಗಿಹಿಡಿದಳು. ಕಿಟಕಿ ತೆಗೆಯಲು ಹೋದರೆ ಚಿಲಕ ಮರಗಟ್ಟಿತ್ತು. ಪಕ್ಕದಲ್ಲಿದ್ದ ಕುರ್ಚಿಯಿಂದ ಗಾಜು ಒಡೆದಳು. ಹೊರಗೆ ಓಡಿ ಉಸಿರೆಳೆದುಕೊಂಡು ಮತ್ತೆ ಬಂದಳು. ಎತ್ತುವ ಮಾತೇ ಇರಲಿಲ್ಲ, ಅವಳ ಎರಡರಷ್ಟಿದ್ದ. ಜಮಖಾನದ ತುದಿ ಹಿಡಿದು, ಹಿಂದೆ ಹಿಂದೆ ಹೆಜ್ಜೆಯಿಡುತ್ತಾ, ಇಷ್ಟಿಷ್ಟೇ ಎಳೆದಳು. ತಲೆ ದಿಮ್ಮೆಂದಾಗ ಬಾಗಿಲಿಗೆ ಓಡುವುದು, ಗಾಳಿ ಕುಡಿಯುವುದು, ಮತ್ತೆ ಎಳೆಯುವುದು. ಕೊನೆಗೆ ಅವನ ತಲೆ ಹೊಸಿಲು ದಾಟಿ ಹಿಮದ ಗಾಳಿಗೆ ಬಂತು. ತನ್ನ ಕೋಟು ಬಿಚ್ಚಿ ಹೊದಿಸಿದಳು. ಕೆನ್ನೆ ತಟ್ಟಿದಳು, ಅಣ್ಣಾ ಅಣ್ಣಾ ಎಂದು ಕರೆದಳು.

ಅವನು ಕೆಮ್ಮಿದ. ವಾಂತಿ ಮಾಡಿಕೊಂಡ. ಕಣ್ಣು ಅರ್ಧ ತೆರೆದು ಅವಳನ್ನು ನೋಡಿದ.

"ಬಸ್ ಯಾಕೆ ನಿಂತಿದೆ?" ಎಂದು ಕೇಳಿದ.

"ಜನ ಹತ್ತುತ್ತಾ ಇದ್ದಾರೆ ಅಣ್ಣ, ಸ್ವಲ್ಪ ತಾಳಿ. ನಿದ್ದೆ ಮಾಡಬೇಡಿ" ಎಂದಳು ಪುಕ್ಕಮ್ಮ, ಹಲ್ಲು ಕಟಕಟ ಎನ್ನುತ್ತಿರಲು.

ಅವನನ್ನು ಒಂದು ಪಕ್ಕಕ್ಕೆ ಹೊರಳಿಸಿ ಮನೆಗೆ ಓಡಿದಳು. ತೊಟ್ಟಿಲ ಬಳಿ ಫೋನಿನಲ್ಲಿ ಅಳಿಯ ಅತ್ತೆ, ಅತ್ತೆ ಎಂದು ಕರೆಯುತ್ತಲೇ ಇದ್ದ; ಕೂಸು ಮುಷ್ಟಿ ಕಟ್ಟಿ ಮಲಗಿತ್ತು. ಮತ್ತೆ ಅಲ್ಲಿಗೆ, ಮತ್ತೆ ಇಲ್ಲಿಗೆ. ಹಿಮಗಾಡಿಯ ಹಳದಿ ದೀಪ ಬೀದಿಯ ತಿರುವಿನಲ್ಲಿ ಕಾಣುವವರೆಗೂ ಅವಳು ಎರಡು ಬಾಗಿಲುಗಳ ನಡುವೆ ಓಡಾಡುತ್ತಿದ್ದಳು. ಆಂಬುಲೆನ್ಸಿನವರು ಡ್ರೈವರಣ್ಣನ ಮುಖಕ್ಕೆ ಆಮ್ಲಜನಕ ಕಟ್ಟಿದರು, ಅವಳ ಬೆರಳಿಗೂ ಏನೋ ಸಿಕ್ಕಿಸಿ ನೋಡಿದರು. ಇನ್ನು ಸ್ವಲ್ಪ ತಡವಾಗಿದ್ದರೆ ಮನುಷ್ಯ ಸಿಗುತ್ತಿರಲಿಲ್ಲ ಎಂದು ಅವರಲ್ಲೊಬ್ಬ ಹೇಳಿದ. ಅವರು ಕೊಟ್ಟ ನೀರಿನ ಲೋಟವನ್ನು ಅಲ್ಲೇ ಇಟ್ಟು ಅವಳು ಮತ್ತೆ ತೊಟ್ಟಿಲ ಬಳಿಗೆ ಓಡಿದಳು.

ಮರುದಿನ ಬಂದ ಮೆಕ್ಯಾನಿಕ್ ದನಿಗೆ ತಕ್ಕ ಆಳಾಗಿರಲಿಲ್ಲ, ಕುಳ್ಳಗೆ, ಮೂಗು ಕೆಂಪು. ಎರಡೂ ಮನೆಗಳ ಪೈಪಿಗೆ ದಪ್ಪ ಹೊದಿಕೆ ಸುತ್ತಿ, ಮತ್ತೆ ಹೆಪ್ಪುಗಟ್ಟದ ಹಾಗೆ ಬಾಯಿಯನ್ನು ಅಗಲ ಮಾಡಿದಳು. ಮಗಳ ಜ್ವರ ಇಳಿದು ಅವಳು ಮನೆಗೆ ಬಂದಾಗ ಡ್ರೈವರಣ್ಣನೂ ಆಸ್ಪತ್ರೆಯಿಂದ ಬಂದಿದ್ದ. ತಲೆನೋವು ಇನ್ನೂ ಬಿಟ್ಟಿರಲಿಲ್ಲ. ಒಡೆದ ಕಿಟಕಿಗೆ ರಟ್ಟು ಅಂಟಿಸಿಕೊಂಡು ಕೂತಿದ್ದವನು, ಪುಕ್ಕಮ್ಮನ ಕೋಟನ್ನು ಒಗೆಸಿ ಮಡಚಿ ತಂದುಕೊಟ್ಟ. ಕೂಸನ್ನು ನೋಡಿ, ಇಷ್ಟು ಚಿಕ್ಕ ಪ್ರಯಾಣಿಕರನ್ನು ನಾನು ಹತ್ತಿಸಿಕೊಂಡೇ ಇಲ್ಲ ಎಂದು ಹೇಳಿ ಹೊರಟ.

ಅಕ್ಕ ಫೋನಿನಲ್ಲಿ, ಇನ್ನು ಮೇಲೆ ನಿನ್ನನ್ನು ಪುಕ್ಕಮ್ಮ ಎನ್ನುವ ಹಾಗಿಲ್ಲ ಎಂದಳು. ಅವಳಿಗೆ ಅದು ಸರಿಬರಲಿಲ್ಲ.

"ಹಾಗೇ ಕರಿ. ನಾನೇನೂ ಬದಲಾಗಿಲ್ಲ. ಇವತ್ತೂ ಆ ಗೂಡಿನ ಬಾಗಿಲು ತೆಗೆಯೋಕೆ ಅಳಿಯಂದಿರನ್ನೇ ಕರೆದೆ" ಎಂದಳು.

ಆ ಮಾತು ನಿಜವೇ ಆಗಿತ್ತು. ಮಗಳು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡ ಆ ಮಧ್ಯಾಹ್ನ ಪುಕ್ಕಮ್ಮ ಬಹಳ ದಿನಗಳ ಮೇಲೆ ಹಾಸಿಗೆಗೆ ಬೆನ್ನು ಕೊಟ್ಟಳು. ಮೆಟ್ಟಿಲ ಕೆಳಗೆ ಹೀಟರು ಗುಂಯ್ ಎಂದಾಗ ಬೆಚ್ಚಿ ಎದ್ದು ಕೂತಳು. ನಡುಮನೆಯಿಂದ ಮಗಳು, ಏನಿಲ್ಲಮ್ಮ, ಮಲಗು ಎಂದಳು. ಮತ್ತೆ ಮಲಗಿದಳು.